ನಿಂತ ಕುದುರೆಯ ಮೂಳೆ

ಪ್ರಶ್ನೆ: ನಾನು ಧಾರವಾಡದವನು. ಹದಿನೆಂಟು ವರ್ಷದಿಂದ ಪುಣೆಯ ವಾನವಡಿಯಲ್ಲಿದ್ದೇನೆ. ಮೂವರು ಗೆಳೆಯರ ಜೊತೆ ಸೇರಿ ಎರಡು ವರ್ಷದ ಒಂದು ಹೆಣ್ಣು ಕುದುರೆಯಲ್ಲಿ ಪಾಲು ತಗೊಂಡಿದ್ದೇನೆ. ಕಳೆದ ತಿಂಗಳು ಹೆಂಡತಿ, ಮಗಳ ಜೊತೆ ರೇಸ್ ನೋಡಲು ಹೋಗಿದ್ದಾಗ ಕಣ್ಣೆದುರೇ ಒಂದು ಕುದುರೆಯ ಮುಂಗಾಲು ಮುರಿಯಿತು. ಪರದೆ ಅಡ್ಡ ಹಿಡಿದರು. ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಈಗ ಮನೆಯಲ್ಲಿ, “ಅದಕ್ಕೆ ಮೂರು ವರ್ಷ ತುಂಬಿ ಮೂಳೆ ಬಲಿಯೋ ತನಕ ಓಡಿಸೋದೇ ಬೇಡ, ಲಾಯದಲ್ಲೇ ಇರಲಿ” ಅಂತಾರೆ. ನನಗೂ ಅದೇ ಸರಿ ಅನ್ನಿಸುತ್ತೆ. ಟ್ರೇನರ್ ಮಾತ್ರ, “ಓಡಿದರೇನೇ ಮೂಳೆ ಗಟ್ಟಿಯಾಗೋದು” ಅಂತಾರೆ. ಓಡಿದರೆ ಮೂಳೆ ಸವೆಯುತ್ತೋ, ಬಲಿಯುತ್ತೋ? ದಿನಾ ಕ್ಯಾಲ್ಸಿಯಂ ಪುಡಿ ಕೊಟ್ಟರೆ ಸಾಲದೇ ಡಾಕ್ಟ್ರೇ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಕುದುರೆಯನ್ನು ವರ್ಷಗಟ್ಟಲೆ ಲಾಯದಲ್ಲಿ ನಿಲ್ಲಿಸಬೇಡಿ. ಕಾಲು ಉಳಿಯಲಿ ಅಂತ ನೀವು ಮಾಡಹೊರಟ ಕೆಲಸವೇ ಮುಂದೆ ಕಾಲು ಮುರಿಯಲು ದಾರಿ ಮಾಡಿಕೊಡಬಹುದು. ಟ್ರೇನರ್ ಹೇಳಿದ ಮಾತು ನಿಜ. ಆದರೆ ಎಷ್ಟು ದೂರ, ಎಷ್ಟು ಜೋರಾಗಿ, ಎಷ್ಟು ದಿನಕ್ಕೊಮ್ಮೆ ಅನ್ನುವುದನ್ನು ಅವರು ಹೇಳಿದ ಹಾಗಿಲ್ಲ, ನೀವೂ ಕೇಳಿದ ಹಾಗಿಲ್ಲ. ಇರುವ ಸಂಗತಿಯೆಲ್ಲ ಅಲ್ಲೇ ಇದೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಸಾವಕಾಶ ಓದಿ.

ಮೂಳೆ ಅಂದಾಗ ನಮ್ಮ ಕಣ್ಣಿಗೆ ಬರುವುದು ಸತ್ತ ಮೂಳೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದುವಾಗ ಹಾಸ್ಟೆಲ್ ಮಂಚದ ಕೆಳಗೆ ಒಂದು ಗೋಣಿಚೀಲದ ತುಂಬ ಮೂಳೆ ಇಟ್ಟುಕೊಂಡಿದ್ದೆ. ಒಣಗಿ, ಬಿಳಿಚಿಕೊಂಡು, ಕಲ್ಲಿನ ಹಾಗಿದ್ದವು. ಅಂಥದ್ದನ್ನು ನೋಡಿದರೆ ಬಳಸಿದಷ್ಟೂ ಸವೆಯುವ ವಸ್ತು ಅಂತಲೇ ಅನ್ನಿಸುತ್ತದೆ. ಬದುಕಿರುವ ಮೂಳೆ ಬೇರೆ. ಅದರೊಳಗೆ ರಕ್ತ ಹರಿಯುತ್ತದೆ, ನರಗಳಿವೆ, ಹಗಲೂ ರಾತ್ರಿ ಕೆಲಸ ಮಾಡುವ ಜೀವಕೋಶಗಳಿವೆ. ಕೆಲವು ಹೊಸ ಮೂಳೆ ಕಟ್ಟುತ್ತವೆ. ಕೆಲವು ಹಳೆಯದನ್ನು ಅಗೆದು ತೆಗೆಯುತ್ತವೆ. ಇನ್ನು ಕೆಲವು ಗಟ್ಟಿ ಮೂಳೆಯ ಒಳಗೇ ಹುದುಗಿ ಕೂತು ಎಲ್ಲಿ ಎಷ್ಟು ಭಾರ ಬೀಳುತ್ತಿದೆ ಅಂತ ಕಾವಲು ಕಾಯುತ್ತವೆ. ಭಾರ ಬಿದ್ದಾಗ ಮೂಳೆ ಕೂದಲೆಳೆಯಷ್ಟು ಬಗ್ಗುತ್ತದೆ. ಆಗ ಅದರೊಳಗಿನ ಸಣ್ಣ ಸಣ್ಣ ಕಾಲುವೆಗಳಲ್ಲಿರುವ ದ್ರವ ಆಚೀಚೆ ಸರಿಯುತ್ತದೆ. ಆ ಸರಿದಾಟ ಕಾವಲಿನ ಕೋಶಗಳಿಗೆ ಗೊತ್ತಾಗಿ, ಇಲ್ಲಿ ಇನ್ನಷ್ಟು ಕಟ್ಟಿ ಅಂತಲೋ, ಇಲ್ಲಿ ಭಾರವೇ ಇಲ್ಲ ತೆಗೆಯಿರಿ ಅಂತಲೋ ಸುದ್ದಿ ಹೋಗುತ್ತದೆ.

ಭಾರಕ್ಕೆ ತಕ್ಕಂತೆ ಮೂಳೆ ತನ್ನ ಆಕಾರ ಬದಲಿಸಿಕೊಳ್ಳುತ್ತದೆ ಅಂತ ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದ. ಮನುಷ್ಯರಲ್ಲಿ ಇದಕ್ಕೆ ಒಳ್ಳೆಯ ಸಾಕ್ಷಿ ಅಂದರೆ ಟೆನಿಸ್ ಆಟಗಾರರ ತೋಳು. ಒಂದೇ ಮನುಷ್ಯ, ಒಂದೇ ಊಟ, ಒಂದೇ ವಯಸ್ಸು. ಆದರೂ ರಾಕೆಟ್ ಹಿಡಿಯುವ ತೋಳಿನ ಮೂಳೆಯ ಗೋಡೆ ಇನ್ನೊಂದಕ್ಕಿಂತ ಸುಮಾರು ಮೂರನೇ ಒಂದು ಪಾಲು ದಪ್ಪ ಇರುವುದನ್ನು ಅಳೆದು ನೋಡಿದ್ದಾರೆ. ಕ್ಯಾಲ್ಸಿಯಂ ಎರಡೂ ತೋಳಿಗೆ ಸಮನಾಗಿ ಹೋಗಿರುತ್ತದೆ, ಅಲ್ವಾ? ಪುಡಿಯ ವಿಷಯ ಆಮೇಲೆ ಹೇಳುತ್ತೇನೆ, ಇದು ನೆನಪಿರಲಿ.

ಈಗ ನಿಮ್ಮ ಕುದುರೆಯ ಕಾಲಿಗೆ ಬರೋಣ. ಮುಂಗಾಲಿನ ಮಂಡಿಗೂ ಗೊರಸಿನ ಮೇಲಿನ ಕೀಲಿಗೂ ನಡುವೆ ನೇರವಾಗಿ ಒಂದು ಉದ್ದ ಮೂಳೆ ಇದೆ. ರೇಸ್‌ಕೋರ್ಸಿನಲ್ಲಿ ಕ್ಯಾನನ್ ಅನ್ನುತ್ತಾರೆ. ಅದರ ಮುಂಭಾಗಕ್ಕೆ ಶಿನ್. ನಾಲ್ಕೂವರೆ ಕ್ವಿಂಟಾಲ್ ತೂಗುವ ಪ್ರಾಣಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ನಾಗಾಲೋಟ ಹೊಡೆಯುವಾಗ ಪ್ರತಿ ಹೆಜ್ಜೆಗೂ ಒಂದೊಂದು ಮುಂಗಾಲಿನ ಮೇಲೆ ಮೈತೂಕದ ಸುಮಾರು ಎರಡೂವರೆ ಪಟ್ಟು ಬೀಳುತ್ತದೆ. ಅಂದರೆ ಒಂದು ಟನ್ನಿಗಿಂತ ಜಾಸ್ತಿ. ಅದೂ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ. ಎಳೆಯ ಕುದುರೆಯಲ್ಲಿ ಶಿನ್ ಮೂಳೆಯ ಮೇಲ್ಮೈ ಆ ಕ್ಷಣ ಸಾವಿರಕ್ಕೆ ಐದು ಪಾಲಿಗೂ ಜಾಸ್ತಿ ಕುಗ್ಗುತ್ತದೆ. ಪಳಗಿದ ದೊಡ್ಡ ಕುದುರೆಯಲ್ಲಿ ಸಾವಿರಕ್ಕೆ ಮೂರರ ಆಸುಪಾಸು. ಕೇಳಲು ಸಣ್ಣ ಅಂಕಿ. ಆದರೆ ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಐದರಷ್ಟು ಬಗ್ಗಿಸಿದ್ದು ಮೂರರಷ್ಟು ಬಗ್ಗಿಸಿದ್ದಕ್ಕಿಂತ ಎಷ್ಟೋ ಮೊದಲೇ ತುಂಡಾಗುತ್ತದೆ.

ಈ ಅಳತೆಗಳನ್ನು ಮಾಡಿದವರು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡೇವಿಡ್ ನೂನಮೇಕರ್ ಮತ್ತು ಅವರ ಜೊತೆಗಾರರು. ಅವರು ತಲೆಕೆಡಿಸಿಕೊಂಡಿದ್ದು ಶಿನ್ ನೋವಿನ ಬಗ್ಗೆ. ಎರಡು ವರ್ಷದ ಥರೋಬ್ರೆಡ್‌ಗಳಲ್ಲಿ, ಅಂದರೆ ರೇಸ್ ತಳಿಯ ಕುದುರೆಗಳಲ್ಲಿ, ಅಲ್ಲಿ ಸುಮಾರು ನೂರಕ್ಕೆ ಎಪ್ಪತ್ತಕ್ಕೆ ಶಿನ್ ನೋವು ಬರುತ್ತಿತ್ತು. ನಮ್ಮ ಕಡೆಯೂ ಲಾಯದಲ್ಲಿ ಮಾಮೂಲು. “ಶಿನ್ ಸೋರ್ ಆಗಿದೆ, ಹದಿನೈದು ದಿನ ಬಿಡಿ” ಅನ್ನುವ ಮಾತನ್ನು ನೀವು ಕೇಳದೇ ಇರಲು ಸಾಧ್ಯವಿಲ್ಲ. ಎಲ್ಲರೂ ಅದನ್ನು ಮಕ್ಕಳಿಗೆ ಹಲ್ಲು ಬರುವ ಹಾಗೆ ಬಂದು ಹೋಗುವ ಸಂಗತಿ ಅಂದುಕೊಂಡಿದ್ದರು. ಅದು ಹಾಗಲ್ಲ, ಮೂಳೆಗೆ ತಪ್ಪು ಪಾಠ ಹೇಳಿಕೊಟ್ಟದ್ದರ ಫಲ ಅಂತ ಇವರು ತೋರಿಸಿದರು.

ತಪ್ಪು ಪಾಠ ಹೇಗೆ? ನಿಧಾನವಾಗಿ ಓಡುವಾಗ ಶಿನ್ ಮೂಳೆಯ ಮುಂಭಾಗ ಒಂದು ಥರ ಎಳೆಯಲ್ಪಡುತ್ತದೆ. ಪೂರ್ತಿ ವೇಗದಲ್ಲಿ ಅದೇ ಜಾಗ ಒತ್ತಲ್ಪಡುತ್ತದೆ. ಭಾರದ ದಿಕ್ಕೇ ಬೇರೆ. ವಾರಗಟ್ಟಲೆ ಬರೀ ಕ್ಯಾಂಟರ್, ಅಂದರೆ ನಾಗಾಲೋಟಕ್ಕಿಂತ ನಿಧಾನದ ಓಟ, ಮಾಡಿಸಿದರೆ ಮೂಳೆ ಆ ಕ್ಯಾಂಟರಿಗೆ ತಕ್ಕ ಹಾಗೆ ತಯಾರಾಗುತ್ತದೆ. ಆಮೇಲೆ ಒಂದು ದಿನ ಧಿಡೀರನೆ ಜೋರಾಗಿ ಓಡಿಸಿದರೆ ಆ ಮೂಳೆಗೆ ಅದು ಗೊತ್ತೇ ಇಲ್ಲದ ಭಾರ. ಗರಡಿ ಮನೆಯಲ್ಲಿ ವರ್ಷವಿಡೀ ಬೈಠಕ್ ಹೊಡೆದವನನ್ನು ಕರೆದು ಕಲ್ಲುಗುಂಡು ಎತ್ತು ಅಂದ ಹಾಗೆ. ತೊಡೆ ಇದೆ, ಬೆನ್ನು ಇಲ್ಲ.

ನೂನಮೇಕರ್ ಕೊಟ್ಟ ಪರಿಹಾರ ಸರಳ. ಶುರುವಿನಿಂದಲೇ ವಾರಕ್ಕೆ ಎರಡು ಸಲ ಸ್ವಲ್ಪವೇ ಸ್ವಲ್ಪ ದೂರ ಜೋರಾಗಿ ಓಡಿಸಿ. ದಿನದ ಓಟದ ಕೊನೆಯಲ್ಲಿ ಒಂದು ಫರ್ಲಾಂಗ್, ಅಂದರೆ 200 ಮೀಟರ್, ಸುಮಾರು 15 ಸೆಕೆಂಡಿನಲ್ಲಿ. ಹೀಗೆ ಕೆಲವು ವಾರ. ಆಮೇಲೆ ಅದನ್ನು ಎರಡು ಫರ್ಲಾಂಗ್ ಮಾಡಿ. ಮತ್ತೆ ಕೆಲವು ವಾರ ಬಿಟ್ಟು ಇನ್ನಷ್ಟು. ಉಳಿದ ಉದ್ದುದ್ದ ಕ್ಯಾಂಟರ್ ಕಡಿಮೆ ಮಾಡಿ. ಹೀಗೆ ತಯಾರಾದ ಕುದುರೆಗಳ ಕ್ಯಾನನ್ ಮೂಳೆಯನ್ನು ಅಡ್ಡ ಕೊಯ್ದು ನೋಡಿದಾಗ ಆಕಾರವೇ ಬದಲಾಗಿತ್ತು. ಭಾರ ಬೀಳುವ ಮುಂಭಾಗ ಮತ್ತು ಒಳಮಗ್ಗುಲಲ್ಲಿ ಹೊಸ ಗಟ್ಟಿ ಮೂಳೆ ಕೂಡಿಕೊಂಡಿತ್ತು. ಕೊಳವೆಯ ಹೊರಗೋಡೆಗೆ ಸ್ವಲ್ಪ ಮೆತ್ತಿದರೂ ಅದು ಬಗ್ಗದಂತೆ ತಡೆಯುವ ಶಕ್ತಿ ತುಂಬ ಏರುತ್ತದೆ. ಹಾಗಾಗಿ ಮಿಲಿಮೀಟರ್ ಲೆಕ್ಕದ ಬದಲಾವಣೆಯೂ ಸಣ್ಣದಲ್ಲ.

ಇಲ್ಲಿ ಒಂದು ಹಳೇ ಪ್ರಯೋಗ ಹೇಳಲೇಬೇಕು. ನನಗೆ ಬಹಳ ಇಷ್ಟವಾದದ್ದು. 1984ರಲ್ಲಿ ಕ್ಲಿಂಟನ್ ರೂಬಿನ್ ಮತ್ತು ಲಾನ್ಸ್ ಲ್ಯಾನ್ಯನ್ ಅನ್ನುವವರು ಹುಂಜದ ರೆಕ್ಕೆಯ ಮೂಳೆಗೆ ಯಂತ್ರದಿಂದ ಭಾರ ಹಾಕಿ ನೋಡಿದರು. ಏನೂ ಭಾರ ಹಾಕದೆ ಬಿಟ್ಟ ಮೂಳೆ ಕರಗುತ್ತಾ ಹೋಯಿತು. ದಿನಕ್ಕೆ ಬರೀ 4 ಸಲ ಒತ್ತಿದರೂ ಕರಗುವುದು ನಿಂತಿತು. ದಿನಕ್ಕೆ 36 ಸಲ ಒತ್ತಿದಾಗ ಹೊಸ ಮೂಳೆ ಚೆನ್ನಾಗಿ ಬೆಳೆಯಿತು. ಸರಿ, 1800 ಸಲ ಒತ್ತಿದರೆ? ಅದಕ್ಕಿಂತ ಏನೂ ಜಾಸ್ತಿ ಬೆಳೆಯಲಿಲ್ಲ! ಮೂಳೆಗೆ ಬೇಕಾದದ್ದು ಕೆಲವೇ ಕೆಲವು ಜೋರು ಒತ್ತು. ಅಷ್ಟರಲ್ಲಿ ಅದಕ್ಕೆ ಸುದ್ದಿ ಮುಟ್ಟಿರುತ್ತದೆ. ಆಮೇಲೆ ಎಷ್ಟು ಕೂಗಿದರೂ ಅದರ ಕಿವಿ ಮಂದ. ಮತ್ತೆ ಕಿವಿ ತೆರೆಯಲು ಕೆಲವು ಗಂಟೆಗಳ ಬಿಡುವು ಬೇಕು ಅಂತ ಇಲಿಗಳ ಮೇಲೆ ಆಮೇಲೆ ನಡೆದ ಪ್ರಯೋಗಗಳಲ್ಲಿ ಗೊತ್ತಾಯಿತು.

ಹುಂಜದ ಲೆಕ್ಕವನ್ನು ಕುದುರೆಗೆ ಹಾಗೇ ಹಚ್ಚಬಾರದು. ಆದರೂ ನೋಡಿ, 200 ಮೀಟರ್ ಜೋರಾಗಿ ಓಡಿದರೆ ಕುದುರೆಯ ಒಂದೊಂದು ಕಾಲು ನೆಲಕ್ಕೆ ಬೀಳುವುದು ಸುಮಾರು ಮೂವತ್ತು ಮೂವತ್ತೈದು ಸಲ. ನೂನಮೇಕರ್ ಹೇಳಿದ ಒಂದು ಫರ್ಲಾಂಗಿಗೂ ಹುಂಜದ 36ಕ್ಕೂ ಎಂಥ ಹೊಂದಿಕೆ!

ಕುದುರೆ ಸಾಕದವರಿಗೂ ಹಿಡಿಸುವ ಇನ್ನೊಂದು ಪ್ರಯೋಗ ಕರುಗಳದ್ದು. ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಬ್ರಯಾನ್ ನೀಲ್ಸನ್ ಅವರ ತಂಡ ಮರಿ ಕುದುರೆಗಳ ಬದಲು ಕರುಗಳನ್ನು ಕಟ್ಟಿಕೊಂಡು ನೋಡಿತು. 2019ರಲ್ಲಿ ಪ್ರಕಟವಾಯಿತು. ಕೆಲವು ಕರುಗಳನ್ನು ಕೊಟ್ಟಿಗೆಯಲ್ಲೇ ಕೂಡಿಹಾಕಿದರು. ಉಳಿದವನ್ನು 71 ಮೀಟರ್ ಓಡಿಸಿದರು. ಕೆಲವಕ್ಕೆ ವಾರಕ್ಕೆ ಒಂದೇ ದಿನ, ಕೆಲವಕ್ಕೆ ಮೂರು ದಿನ, ಕೆಲವಕ್ಕೆ ಐದು ದಿನ. ಆರು ವಾರ ಆದ ಮೇಲೆ ವಾರಕ್ಕೆ ಒಂದೇ ದಿನ ಓಡಿದ ಕರುವಿನ ಕ್ಯಾನನ್ ಮೂಳೆ ಮುರಿಯಲೂ ಕೂಡಿಹಾಕಿದ್ದರ ಮೂಳೆಗಿಂತ ನೂರಕ್ಕೆ ಇಪ್ಪತ್ತಕ್ಕೂ ಜಾಸ್ತಿ ಬಲ ಬೇಕಾಯಿತು. ನಮ್ಮೂರಲ್ಲಿ ಹಗ್ಗ ಬಿಚ್ಚಿದ ಕೂಡಲೇ ಕರು ಬಾಲ ಎತ್ತಿ ಅಂಗಳದ ಆ ತುದಿಯಿಂದ ಈ ತುದಿಗೆ ಒಂದು ಓಟ ಕೀಳುತ್ತಿತ್ತು. ಸುಮ್ನೆ ಚೇಷ್ಟೆ ಅಂದುಕೊಂಡಿದ್ದೆ.

ಇನ್ನು ನಿಮ್ಮ ಭಯದ ಮೂಲಕ್ಕೆ ಬರುತ್ತೇನೆ. ಓಟ ಮೂಳೆಯನ್ನು ಬಲಪಡಿಸುವುದಾದರೆ ಅಷ್ಟೊಂದು ತಯಾರಾದ ರೇಸ್ ಕುದುರೆಯ ಕಾಲು ಯಾಕೆ ಮುರಿಯಿತು? ಇದಕ್ಕೆ ಉತ್ತರ ಮೂಳೆಯ ರಿಪೇರಿ ಕೆಲಸದಲ್ಲಿದೆ.

ಜೋರಾದ ಓಟ ಮೂಳೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ಬಿರುಕುಗಳನ್ನೂ ಹುಟ್ಟಿಸುತ್ತದೆ. ಇದು ರೋಗವಲ್ಲ, ಎಲ್ಲ ಕುದುರೆಗೂ ಆಗುವುದೇ. ಬಿರುಕು ಬಿಟ್ಟ ಜಾಗವನ್ನು ಅಗೆಯುವ ಕೋಶಗಳು ಬಂದು ಅಗೆದು ತೆಗೆಯುತ್ತವೆ, ಕಟ್ಟುವ ಕೋಶಗಳು ಹಿಂದಿನಿಂದ ಬಂದು ತುಂಬುತ್ತವೆ. ತೊಂದರೆ ಇರುವುದು ಇಬ್ಬರ ವೇಗದಲ್ಲಿ. ಅಗೆಯಲು ಎರಡು ಮೂರು ವಾರ ಸಾಕು. ತುಂಬಿ ಗಟ್ಟಿಯಾಗಲು ಮೂರು ತಿಂಗಳಿಗೂ ಜಾಸ್ತಿ ಬೇಕು. ಪುಣೆಯಲ್ಲಿ ಸ್ಕೂಟರ್ ಓಡಿಸುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೈಪ್ ಹಾಕಲು ರಸ್ತೆ ಅಗೆಯುವವರು ಒಂದೇ ರಾತ್ರಿಯಲ್ಲಿ ಅಗೆದು ಹೋಗುತ್ತಾರೆ. ಡಾಂಬರು ಹಾಕುವವರು ಮಳೆಗಾಲ ಮುಗಿದ ಮೇಲೆ ಬರುತ್ತಾರೆ. ನಡುವಿನ ದಿನಗಳಲ್ಲಿ ಬೀಳುವವರು ಬೀಳುತ್ತಾರೆ. ಮೂಳೆಯಲ್ಲೂ ಗುಂಡಿ ತೋಡಿ ಇನ್ನೂ ತುಂಬದ ಆ ನಡುಗಾಲವೇ ಅಪಾಯದ ಕಾಲ.

ಇನ್ನೊಂದು ವಿಚಿತ್ರ ಇದೆ. ಕುದುರೆ ಜೋರು ತರಬೇತಿಯಲ್ಲಿ ಇರುವಷ್ಟು ದಿನ ಈ ಅಗೆತದ ಕೆಲಸ ಹೆಚ್ಚುಕಮ್ಮಿ ತಡೆಹಿಡಿದಿರುತ್ತದೆ. ಬಿರುಕುಗಳು ಸೇರುತ್ತಾ ಹೋಗುತ್ತವೆ. ವಿಶ್ರಾಂತಿ ಕೊಟ್ಟ ಕೂಡಲೇ ಬಾಕಿ ಉಳಿದ ಅಗೆತವೆಲ್ಲ ಒಟ್ಟಿಗೆ ಶುರುವಾಗುತ್ತದೆ. ಹೀಗಾಗಿ ಒಂದೆರಡು ತಿಂಗಳ ವಿಶ್ರಾಂತಿ ಮುಗಿಸಿ ಬಂದ ಕುದುರೆ ನೋಡಲು ದುಂಡಗೆ, ಮಿರಮಿರ ಮಿಂಚುತ್ತಿರುತ್ತದೆ, ಮೂಳೆ ಮಾತ್ರ ಜರಡಿಯಾಗಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1990ರಿಂದ ರೇಸ್‌ಕೋರ್ಸಿನಲ್ಲಿ ಸತ್ತ ಪ್ರತಿ ಕುದುರೆಯನ್ನೂ ಕೊಯ್ದು ನೋಡುವ ಪದ್ಧತಿ ಇದೆ. ಸೂ ಸ್ಟೋವರ್ ಎಂಬ ಪಶುವೈದ್ಯೆ ಮತ್ತು ಅವರ ತಂಡ ಅದರಿಂದ ಕಂಡುಕೊಂಡದ್ದು ಎರಡು. ಪೂರ್ತಿ ಮುರಿದ ಬಹುಪಾಲು ಮೂಳೆಗಳಲ್ಲಿ ಹಳೆಯ ಬಿರುಕಿನ ಗುರುತು ಮೊದಲೇ ಇತ್ತು. ಭುಜದ ಕೆಳಗಿನ ಮೂಳೆ ಮುರಿದುಕೊಂಡವುಗಳಲ್ಲಿ ಎರಡು ತಿಂಗಳೋ ಅದಕ್ಕಿಂತ ಜಾಸ್ತಿಯೋ ವಿಶ್ರಾಂತಿ ಪಡೆದು ಆಗಷ್ಟೇ ಓಟಕ್ಕೆ ಮರಳಿದ ಕುದುರೆಗಳೇ ಎದ್ದು ಕಂಡವು. ನೀವು ಅಂದು ನೋಡಿದ್ದು ಬಹುಶಃ ಒಂದೇ ಹೆಜ್ಜೆಯಲ್ಲಿ ಆದ ಅಪಘಾತ ಅಲ್ಲ. ವಾರಗಳ ಹಿಂದೆ ಶುರುವಾದದ್ದು ಅಂದು ಮುಗಿದಿರಬೇಕು.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕೆಲಸಕ್ಕೆ ಸೇರಿದ ಹೊಸತು. ನಾಲ್ಕು ವರ್ಷದ ಒಂದು ಗಂಡು ಕುದುರೆಗೆ ಗೊರಸಿನಲ್ಲಿ ಕೀವು ತುಂಬಿ ಒಂಬತ್ತು ವಾರ ಲಾಯದಲ್ಲೇ ನಿಂತಿತ್ತು. ಗೊರಸು ವಾಸಿಯಾಯಿತು. ನಡೆಸಿ ನೋಡಿದೆ, ಟ್ರಾಟ್, ಅಂದರೆ ಕುಲುಕು ಓಟ, ಮಾಡಿಸಿ ನೋಡಿದೆ, ಕುಂಟು ಇಲ್ಲ. ಓಡಿಸಬಹುದು ಅಂತ ನಾನೇ ಹೇಳಿದೆ. ದೊಡ್ಡ ರೇಸ್ ಹತ್ತಿರ ಇತ್ತು, ಟ್ರೇನರಿಗೂ ಅದೇ ಬೇಕಿತ್ತು. ಹತ್ತು ದಿನ ಕ್ಯಾಂಟರ್, ಆಮೇಲೆ ಗ್ಯಾಲಪ್, ಅಂದರೆ ನಾಗಾಲೋಟ. ಮೂರನೇ ವಾರ ಒಂದು ಬೆಳಿಗ್ಗೆ ನೇರ ಓಟದಲ್ಲಿ ಭುಜದ ಕೆಳಗಿನ ಮೂಳೆ ಮುರಿಯಿತು. ಆ ಶಬ್ದ ಇವತ್ತಿಗೂ ಕಿವಿಯಲ್ಲಿದೆ. ಆ ಕುದುರೆಯನ್ನು ನೋಡಿಕೊಳ್ಳುತ್ತಿದ್ದ ಸೈಸ್ ಬಿಹಾರದವನು. ಯಾರನ್ನೂ ಬೈಯಲಿಲ್ಲ. ಖಾಲಿ ಕಡಿವಾಣ ಹೆಗಲಿಗೆ ಹಾಕಿಕೊಂಡು ವಾಪಸು ನಡೆದ. ನಾನು ಗೊರಸನ್ನು ಪರೀಕ್ಷೆ ಮಾಡಿದ್ದೆ. ಒಂಬತ್ತು ವಾರ ನಿಂತಿದ್ದ ಮೂಳೆಯ ಬಗ್ಗೆ ಯೋಚನೆಯೇ ಮಾಡಿರಲಿಲ್ಲ.

ಈಗ ನಿಮ್ಮ ಮನೆಯವರು ಹೇಳುವ ಮೂರು ವರ್ಷದ ಲೆಕ್ಕ. ಅದರ ಹಿಂದೆ ಒಂದು ನಂಬಿಕೆ ಇದೆ, ಮೂಳೆಯ ತುದಿಯ ಬೆಳವಣಿಗೆ ನಿಂತ ಮೇಲೆ ಓಡಿಸಬೇಕು ಅಂತ. ಕ್ಯಾನನ್ ಮೂಳೆಯ ಕೆಳತುದಿ ಉದ್ದ ಬೆಳೆಯುವುದು ಮೊದಲ ವರ್ಷ ತುಂಬುವ ಮೊದಲೇ ನಿಲ್ಲುತ್ತದೆ. ಮಂಡಿಯ ಮೇಲಿನ ಮೂಳೆಯದು ಎರಡರಿಂದ ಎರಡೂವರೆ ವರ್ಷಕ್ಕೆ. ಎಕ್ಸ್‌ರೇ ತೆಗೆಸಿ ಮಂಡಿ ನೋಡಿಸುವುದು ಒಳ್ಳೆಯದೇ. ಆದರೆ ಬೆಳೆದು ಮುಗಿಯುವುದು ಬೇರೆ, ಬಲಿಯುವುದು ಬೇರೆ. ಬಲಿಯಲು ಭಾರ ಬೇಕು, ಮತ್ತು ಎಳೆಯ ಮೂಳೆ ಆ ಭಾರಕ್ಕೆ ಕೊಡುವಷ್ಟು ಚುರುಕಾದ ಉತ್ತರವನ್ನು ದೊಡ್ಡದಾದ ಮೇಲೆ ಕೊಡುವುದಿಲ್ಲ. ನ್ಯೂಜಿಲೆಂಡಿನಲ್ಲಿ ಹಾಲು ಕುಡಿಯುವ ಮರಿಗಳಿಗೇ ಹುಲ್ಲುಗಾವಲಿನ ಓಡಾಟದ ಮೇಲೆ ಲೆಕ್ಕ ಹಾಕಿ ಇನ್ನಷ್ಟು ಓಟ ಮಾಡಿಸಿ ನೋಡಿದ್ದಾರೆ. ಕೆಡುಕೇನೂ ಆಗಲಿಲ್ಲ. ಮೂರು ವರ್ಷದ ತನಕ ಲಾಯದಲ್ಲಿ ನಿಲ್ಲಿಸಿದರೆ ನಿಮಗೆ ಸಿಗುವುದು ದೊಡ್ಡ ಮೈ, ಭಾರೀ ತೂಕ, ಎಳೆಯ ಮೂಳೆ. ಕೂತು ತಿಂದರೆ ಕುಡಿಕೆ ಹೊನ್ನು ಸಾಲದು ಅಂತಾರಲ್ಲ, ನಿಂತು ತಿಂದರೂ ಅಷ್ಟೇ.

ಇಲ್ಲಿ ನಮ್ಮ ಊರಿನದ್ದೇ ಒಂದು ತೊಡಕಿದೆ. ಸ್ಟಡ್ ಫಾರ್ಮಿನಲ್ಲಿ ಮರಿ ದಿನವಿಡೀ ಹುಲ್ಲಿನಲ್ಲಿ ಕುಣಿಯುತ್ತಿರುತ್ತದೆ. ರೇಸ್‌ಕೋರ್ಸಿಗೆ ಬಂದ ದಿನದಿಂದ ಇಪ್ಪತ್ತೆರಡು ಗಂಟೆ ಲಾಯದಲ್ಲಿ ನಿಲ್ಲುತ್ತದೆ. ಪುಣೆ ರೇಸ್‌ಕೋರ್ಸ್ 1830ರಷ್ಟು ಹಳೆಯದು, ಸುತ್ತ ಕಂಟೋನ್ಮೆಂಟ್. ಬಿಟ್ಟು ಮೇಯಿಸಲು ಜಾಗ ಎಲ್ಲಿಂದ ಬರಬೇಕು? ಮುಂಬೈಯ ಮಹಾಲಕ್ಷ್ಮಿ ರೇಸ್‌ಕೋರ್ಸಿನ ಕಥೆಯೂ ಅದೇ. ನೀಲ್ಸನ್ ಅವರೇ 1997ರಲ್ಲಿ ಬರೆದ ಒಂದು ಅಧ್ಯಯನ ಇದೆ. ಹುಲ್ಲುಗಾವಲಿನಿಂದ ತಂದು ಲಾಯಕ್ಕೆ ಕಟ್ಟಿ ತರಬೇತಿ ಶುರು ಮಾಡಿದ ಎಳೆಯ ಕುದುರೆಗಳ ಕ್ಯಾನನ್ ಮೂಳೆ ಮೊದಲ ಎರಡು ತಿಂಗಳು ಗಟ್ಟಿಯಾಗುವ ಬದಲು ಸಡಿಲವಾಗುತ್ತಾ ಹೋಯಿತು. ಸರಿಯಾಗಿ ವೇಗದ ಓಟ ಶುರುವಾಗುವ ಹೊತ್ತಿಗೆ ತೀರಾ ಕೆಳಗಿಳಿದಿತ್ತು. ಮೆಲ್ಲಗೆ ಶುರು ಮಾಡುತ್ತಿದ್ದೇವೆ ಅಂತ ನಾವು ಬೆನ್ನು ತಟ್ಟಿಕೊಳ್ಳುವ ಆ ಎರಡು ತಿಂಗಳಲ್ಲೇ ಮೂಳೆ ಹೋಗುತ್ತಿರುತ್ತದೆ.

ಹಾಗಂತ ಓಟ ಜಾಸ್ತಿಯಾದಷ್ಟೂ ಒಳ್ಳೆಯದು ಅಂತ ತಿಳಿಯಬೇಡಿ. ಇಂಗ್ಲೆಂಡಿನ ಕುದುರೆಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, 30 ದಿನದೊಳಗೆ 44 ಕಿಲೋಮೀಟರಿಗಿಂತ ಹೆಚ್ಚು ಕ್ಯಾಂಟರ್, ಅದರ ಜೊತೆಗೆ 6 ಕಿಲೋಮೀಟರಿಗಿಂತ ಹೆಚ್ಚು ಜೋರು ಗ್ಯಾಲಪ್ ಮಾಡಿದವುಗಳಲ್ಲಿ ಮೂಳೆ ಮುರಿತ ಎದ್ದು ಕಾಣುವಷ್ಟು ಜಾಸ್ತಿ ಇತ್ತು. ತಿಂಗಳಿಗೆ ಇಪ್ಪತ್ತಾರು ದಿನ ಕೆಲಸ ಅಂದರೆ ದಿನಕ್ಕೆ ಸುಮಾರು 1.7 ಕಿಲೋಮೀಟರ್ ಕ್ಯಾಂಟರ್ ಆಯಿತು. ಇದು ಅವರ ನೆಲ, ಅವರ ಪದ್ಧತಿ, ನಮ್ಮಲ್ಲಿ ಇದೇ ಗೆರೆ ಅಂತ ನಾನು ಹೇಳಲಾರೆ. ಆದರೆ ಕಲಿಯಬೇಕಾದ್ದು ಇದೆ. ಕ್ಯಾಂಟರ್ ಮೇಲೆ ಕ್ಯಾಂಟರ್ ಪೇರಿಸುವುದರಿಂದ ದಮ್ಮು ಬರುತ್ತದೆ, ಮೂಳೆಗೆ ಹೊಸದೇನೂ ಸಿಗುವುದಿಲ್ಲ, ಬಿರುಕಿನ ಲೆಕ್ಕ ಮಾತ್ರ ಏರುತ್ತದೆ. ಗೊರಸಿನ ಮೇಲಿನ ಕೀಲಿನ ಒಳಗಂತೂ ವರ್ಷಗಟ್ಟಲೆ ಜೋರು ಓಡಿದ ಕುದುರೆಯಲ್ಲಿ ಮೂಳೆ ಅತಿಯಾಗಿ ಗಟ್ಟಿಯಾಗಿ, ಬಗ್ಗುವ ಗುಣ ಕಳೆದುಕೊಂಡು ಸೀಳುತ್ತದೆ. ಅಲ್ಲಿಗೆ ಬಿಡುವು ಬೇಕೇ ಬೇಕು.

ಈಜುಕೊಳದ ಬಗ್ಗೆ ನೀವು ಕೇಳಿಲ್ಲ, ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಈಜು ಹೃದಯಕ್ಕೆ, ಮಾಂಸಖಂಡಕ್ಕೆ ಒಳ್ಳೆಯದು. ನೀರಿನಲ್ಲಿ ಕಾಲಿಗೆ ಏಟು ಬೀಳುವುದಿಲ್ಲ, ಹಾಗಾಗಿ ಮೂಳೆಗೆ ಲಾಭವಿಲ್ಲ. ಬರೀ ಈಜಿಸಿ ದಮ್ಮು ಬರಿಸಿದ ಕುದುರೆ ಟ್ರ್ಯಾಕಿಗೆ ಇಳಿದರೆ ಅದರ ಎದೆ ಓಡು ಅನ್ನುತ್ತದೆ, ಕಾಲು ತಯಾರಿರುವುದಿಲ್ಲ.

ಕ್ಯಾಲ್ಸಿಯಂ ಪುಡಿ. ಇಟ್ಟಿಗೆ ತಂದು ಅಂಗಳದಲ್ಲಿ ರಾಶಿ ಹಾಕಿದ ಮಾತ್ರಕ್ಕೆ ಗೋಡೆ ಏಳುವುದಿಲ್ಲ. ಕಟ್ಟು ಅಂತ ಹೇಳುವುದು ಓಟ. ಇಟ್ಟಿಗೆ ಕಡಿಮೆಯಾಗಬಾರದು, ನಿಜ. ನಮ್ಮ ಲಾಯಗಳಲ್ಲಿ ಎಡವುವುದು ಕ್ಯಾಲ್ಸಿಯಂ ಕಡಿಮೆಯಾಗಿ ಅಲ್ಲ, ರಂಜಕ ಜಾಸ್ತಿಯಾಗಿ. ಗೋಧಿ ಬೂಸಾದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಸುಮಾರು ಹತ್ತು ಪಟ್ಟು. ಓಟ್ಸ್‌ನಲ್ಲೂ ರಂಜಕವೇ ಮೇಲು. ರಕ್ತದಲ್ಲಿ ಇವುಗಳ ತೂಕ ತಪ್ಪಿದರೆ ಮೈ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ. ಹಿಂದಿನ ಕಾಲದಲ್ಲಿ ಹಿಟ್ಟಿನ ಗಿರಣಿಯವರ ಕುದುರೆಗಳು ಬೂಸಾ ತಿಂದು ತಿಂದು ಮುಖದ ಮೂಳೆ ಊದಿಸಿಕೊಳ್ಳುತ್ತಿದ್ದವು. ಒಟ್ಟು ಮೇವಿನಲ್ಲಿ ರಂಜಕ ಒಂದು ಪಾಲಿದ್ದರೆ ಕ್ಯಾಲ್ಸಿಯಂ ಒಂದೂವರೆಯಿಂದ ಎರಡು ಪಾಲು ಇರಲಿ. ಇದಕ್ಕೆ ಸುಲಭದ ದಾರಿ ನಮ್ಮ ಕುದುರೆ ಮಸಾಲೆ ಸೊಪ್ಪು. ಇಲ್ಲಿ ಮರಾಠಿಯಲ್ಲಿ ಲಸೂಣ್ ಘಾಸ್ ಅಂತಾರೆ. ಅದರಲ್ಲಿ ಕ್ಯಾಲ್ಸಿಯಂ ಧಾರಾಳ. ಬೂಸಾ ಎಷ್ಟು ಹಾಕುತ್ತಾರೆ ಅಂತ ಸೈಸ್‌ನನ್ನೇ ಕೇಳಿ, ಅವನು ಸುಳ್ಳು ಹೇಳುವುದಿಲ್ಲ.

ಮೂಳೆ ಗಟ್ಟಿ ಮಾಡುವ ಇಂಜೆಕ್ಷನ್ ಇದೆ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಬಿಸ್‌ಫಾಸ್ಫೊನೇಟ್ ಎಂಬ ಆ ಔಷಧಿಗಳು ಅಗೆಯುವ ಕೋಶಗಳನ್ನು ಕಟ್ಟಿಹಾಕುತ್ತವೆ. ಅಗೆಯದಿದ್ದರೆ ರಿಪೇರಿಯೂ ಇಲ್ಲ, ಬಿರುಕು ಹಾಗೇ ಉಳಿಯುತ್ತದೆ. ಅಮೆರಿಕದಲ್ಲಿ 2014ರಲ್ಲಿ ಇವಕ್ಕೆ ಒಪ್ಪಿಗೆ ಸಿಕ್ಕಿದ್ದು ನಾಲ್ಕು ವರ್ಷ ದಾಟಿದ ಕುದುರೆಗಳ ಗೊರಸಿನೊಳಗಿನ ಒಂದು ರೋಗಕ್ಕೆ. ನಿಮ್ಮದು ಎರಡು ವರ್ಷದ್ದು.

ಹಾಗಾದರೆ ಟ್ರೇನರ್ ಹತ್ತಿರ ಏನು ಮಾತಾಡಬೇಕು? ಕೆಲಸ ಹೇಳಿಕೊಡುವ ಧಾಟಿಯಲ್ಲಿ ಹೋಗಬೇಡಿ, ಯಾರಿಗೂ ಹಿಡಿಸುವುದಿಲ್ಲ. ಚಹಾ ಕುಡಿಯುತ್ತಾ ಕೇಳಿ. ಜೋರು ಓಟ ವಾರಕ್ಕೆ ಎಷ್ಟು ಸಲ, ಎಷ್ಟು ಫರ್ಲಾಂಗ್? ಎರಡು ಸಲ, ಒಂದೊಂದು ಫರ್ಲಾಂಗ್ ಅಂದರೆ ನಿಮ್ಮ ಕುದುರೆ ಒಳ್ಳೆಯವರ ಕೈಯಲ್ಲಿದೆ. ಎರಡು ತಿಂಗಳು ಬರೀ ಕ್ಯಾಂಟರ್, ಆಮೇಲೆ ಒಮ್ಮೆಗೇ ಮೂರು ಫರ್ಲಾಂಗ್ ಅಂದರೆ ನಾನು ಹೇಳಿದ್ದನ್ನು ಮೆಲ್ಲಗೆ ಪ್ರಸ್ತಾಪ ಮಾಡಿ. ಸಂಜೆ ಕೈಹಿಡಿದು ನಡೆಸುವುದು ಇದೆಯಾ ಅಂತಲೂ ಕೇಳಿ. ನಡಿಗೆಯಿಂದ ಮೂಳೆ ಬೆಳೆಯುವುದಿಲ್ಲ, ಆದರೆ ಇಪ್ಪತ್ತೆರಡು ಗಂಟೆ ನಿಲ್ಲುವುದನ್ನಾದರೂ ಅದು ಮುರಿಯುತ್ತದೆ.

ಪುಣೆ ಸೀಸನ್ ಮುಗಿದು ಕುದುರೆಗಳು ಲಾರಿ ಹತ್ತಿ ಘಾಟ್ ಇಳಿದು ಮಹಾಲಕ್ಷ್ಮಿಗೆ ಹೋಗುವ ದಿನಗಳ ಮೇಲೆ ಕಣ್ಣಿಡಿ. ಹೊರಡುವ ಮುಂಚೆ ಕೆಲವು ದಿನ ನಿಲ್ಲುತ್ತವೆ, ಹೋದ ಮೇಲೆ ಕೆಲವು ದಿನ. ಜ್ವರ ಬಂದರೆ ಇನ್ನಷ್ಟು. ಒಂದೆರಡು ವಾರ ನಿಂತರೆ ಬಿಟ್ಟಲ್ಲಿಂದ ಒಂದು ಮೆಟ್ಟಿಲು ಕೆಳಗೆ ಶುರು ಮಾಡಲಿ. ಎರಡು ತಿಂಗಳು ನಿಂತರೆ ಮೊದಲಿನಿಂದ ಶುರು ಮಾಡಿದ ಹಾಗೇ ಅಂತ ತಿಳಿಯಿರಿ. ಹಿಂದಿನ ಟೈಮಿಂಗ್ ಮರೆತುಬಿಡಿ. ಯಾವ ರೇಸ್ ತಪ್ಪಿದರೂ ತಪ್ಪಲಿ.

ಎಲ್ಲಕ್ಕಿಂತ ಮೋಸದ ಗುರುತು ಒಂದಿದೆ. ಓಡಿ ಬಂದ ದಿನ ಸ್ವಲ್ಪ ಕುಂಟುತ್ತದೆ, ಎರಡು ದಿನ ಬಿಟ್ಟರೆ ಪೂರ್ತಿ ಸರಿ. ಮತ್ತೆ ಓಡಿಸಿದರೆ ಮತ್ತೆ ಅದೇ. ಎಲ್ಲರೂ ಉಳುಕು ಅನ್ನುತ್ತಾರೆ. ಇದು ಕೂದಲೆಳೆ ಬಿರುಕಿನ ನಡತೆ. ಮೊದಲ ಹತ್ತು ದಿನ ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು. ಕಾಣಲಿಲ್ಲ ಅಂತ ಓಡಿಸಬೇಡಿ, ಎರಡು ಮೂರು ವಾರ ಬಿಟ್ಟು ಮತ್ತೆ ತೆಗೆಸಿ. ಆ ನಡುವೆ ನೋವಿನ ಔಷಧಿ ಕೊಟ್ಟು ಟ್ರ್ಯಾಕಿಗೆ ಇಳಿಸಿದರೆ ಕುದುರೆಗೆ ತನ್ನ ಕಾಲಿನ ಸುದ್ದಿ ತನಗೇ ತಲುಪುವುದಿಲ್ಲ.

ಮಗಳನ್ನು ರೇಸ್ ದಿನ ಬೇಡ, ಒಂದು ಬೆಳಿಗ್ಗೆ ಟ್ರ್ಯಾಕ್ ಕೆಲಸ ನೋಡಲು ಕರೆದುಕೊಂಡು ಹೋಗಿ. ಬೆಳಕು ಹರಿಯುವ ಹೊತ್ತಿಗೆ ಇರಿ. ಜೋರು ಓಟದ ಮಾರನೆಯ ದಿನವಾದರೆ ಇನ್ನೂ ಒಳ್ಳೆಯದು. ಸೈಸ್‌ಗೆ ಹೇಳಿ ಕುದುರೆಯ ಪಕ್ಕ ನಿಂತು ಅಂಗೈಯನ್ನು ಶಿನ್ ಮೇಲೆ, ಮೇಲಿನಿಂದ ಕೆಳಗೆ ಸವರಿ. ಆಮೇಲೆ ಹೆಬ್ಬೆರಳಿಂದ ಮೆಲ್ಲಗೆ ಒತ್ತುತ್ತಾ ಬನ್ನಿ. ಎರಡೂ ಕಾಲು ತಣ್ಣಗಿದ್ದು, ಕುದುರೆ ಹುಲ್ಲು ಜಗಿಯುತ್ತಲೇ ಇದ್ದರೆ ಸರಿ. ಬೆಚ್ಚಗಿದ್ದರೆ, ಅಥವಾ ಒತ್ತಿದ ಕೂಡಲೇ ಜಗಿಯುವುದು ನಿಲ್ಲಿಸಿ ಕಿವಿ ಹಿಂದೆ ಮಾಡಿದರೆ, ಅವತ್ತು ತಡಿ ಹಾಕುವುದು ಬೇಡ ಅಂತ ಹೇಳಿ ನನಗೆ ಫೋನ್ ಮಾಡಿ.